ಸಾಹೇಬರ ಅಳತೆಗೆ ನಮ್ಮ ಸಹಿ

ನಾನು ರೊಟ್ಟಿ ಬಡಿಯುತ್ತಿದ್ದೆ. ಸಂಜೆ ಕಂಪನಿ ಬಸ್ಸಿಗೆ ಬರಬೇಕಾದ ನಮ್ಮ ಯಜಮಾನರು ಮಧ್ಯಾಹ್ನವೇ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು. ಕೈಯಲ್ಲೊಂದು ಕಾಗದ.

"ನಾಳೆ ಮುಂಜಾನೆ ಸಹಿ ಮಾಡಿ ಕೊಡಬೇಕಂತ. ಇಲ್ಲಾಂದ್ರ ವೀಸಾ ಖಲಾಸ್."

ಕೊಲ್ಲಿ ನಾಡಿನ ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಅವರು ಕಂಪ್ಯೂಟರ್ ಜಾಲದ ಟೆಕ್ನೀಷಿಯನ್. ತೊಂಬತ್ತರ ದಶಕದ ಆ ದಿನಗಳಲ್ಲಿ ಅಲ್ಲಿಗೆ ಫೈಬರ್ ಕೇಬಲ್ ಹೊಸದು. ಅದು ಬಂದಾಗಿನಿಂದ ದೊಡ್ಡ ನಕ್ಷೆಗಳು ಹಳೆ ಕಟ್ಟಡದ ಕಂಪ್ಯೂಟರುಗಳಿಗೆ ಹೋಗುತ್ತಿರಲಿಲ್ಲ. ಕೇಬಲ್ ಜೋಡಿಸುವಾಗ ತಾನೇ ತಪ್ಪು ಮಾಡಿದೆನೆಂದು ಇವರು ಒಪ್ಪಿಕೊಳ್ಳುವ ಕಾಗದ ಅದು, ಮೇಲಿನ ಸಾಹೇಬರು ಕೊಟ್ಟದ್ದು.

"ಸಣ್ಣ ಮೆಸೇಜ್ ಹೋಗತಾವೇನ್ರೀ?" ಎಂದೆ.

"ಹೋಗತಾವ."

"ಅಂದ್ರ ಕೇಬಲ್ ನೆಟ್ಟಗದ."

"ನೆಟ್ಟಗದ. ನಕ್ಷೆ ತುಂಡು ತುಂಡಾಗಿ ಹೋಗತದಲ್ಲ, ಆ ಪ್ಯಾಕೆಟ್ ದೊಡ್ಡವಾಗ್ಯಾವ. ಫೈಬರ್ ನಾಕು ಸಾವಿರದ ಮ್ಯಾಲ ಬೈಟ್ ಹೊರತದ. ಹಳೇ ಕಟ್ಟಡದ ಕೇಬಲ್ ಒಂದೂವರೆ ಸಾವಿರ ಅಷ್ಟ. ಎರಡನ್ನೂ ಜೋಡಸೂ ನಡುವಿನ ಪೆಟ್ಟಿಗಿ ದೊಡ್ಡವನ್ನ ಒಡದು ಕಳಸಂಗಿಲ್ಲ, ಒಗದ್ಬಿಡತದ."

"ಆ ಅಳತಿ ಇಟ್ಟವ್ರು ಯಾರು?"

"ಸಾಹೇಬ. ಇಷ್ಟು ತುಟ್ಟಿ ಫೈಬರ್ ಹಾಕಿ ಸಣ್ಣ ಪ್ಯಾಕೆಟ್ ಯಾಕ ಕಳಸೂದು ಅಂದ. ನಾ ಬ್ಯಾಡ ಅಂದಿದ್ದೆ."

"ಮತ್ತ ಸಹಿ ನಿಮ್ದ್ಯಾಕ?"

"ವೀಸಾ ಹೋದ್ರ ಈ ಮನೀನೂ ಹೋಗತದ, ಮಾರಾಯ್ತಿ."

ಹೆದರಿಕೆ ನನಗೂ ಇತ್ತು. ಆದರೂ ಒಲೆ ಆರಿಸಿದೆ, ಕೈ ತೊಳೆದೆ. ನಮ್ಮ ದೇವರಿದ್ದದ್ದು ಗೋಡೆಯ ಕಪಾಟಿನಲ್ಲಿ. ಬಾಗಿಲು ತೆರೆದು ದೀಪ ಹಚ್ಚಿ, ಕಾಗದ ಮುಂದಿಟ್ಟೆ.

"ಬರದದ್ದು ಖರೆ ಇದ್ರ ಇಲ್ಲೇ ಕುಂತು ಸಹಿ ಮಾಡ್ರಿ. ನಾ ಒಂದು ಮಾತೂ ಆಡಂಗಿಲ್ಲ."

ಅವರು ಪೆನ್ನಿನ ಟೊಪ್ಪಿಗೆ ತೆಗೆದು ಕಾಗದವನ್ನು ಮೊದಲಿನಿಂದ ಓದಿದರು. ಆಮೇಲೆ ಟೊಪ್ಪಿಗೆ ಮುಚ್ಚಿದರು.

"ಖರೆ ಇಲ್ಲ."

"ಹಂಗಂತ ಅವಗೂ ಹೇಳ್ರಿ. ನಿಮ್ಮೆದುರಿಗೇ ಅಳತಿ ಇಳಸ್ತೀನಿ, ಒಂದು ನಕ್ಷೆ ಕಳಸೋಣು, ಹೋಗದಿದ್ರ ಸಹಿ ಮಾಡ್ತೀನಿ ಅನ್ರಿ."

ಮರುದಿನ ಫೋನ್ ಬರುವತನಕ ನನಗೆ ತಿಳಿದ ಸ್ತೋತ್ರಗಳನ್ನೆಲ್ಲ ಹೇಳಿ ಮುಗಿಸಿದ್ದೆ.

"ಹೋತು! ಒಂದೂವರೆ ಸಾವಿರಕ್ಕ ಇಳಸಿದ ಕೂಡ್ಲೆ ಪೂರ್ತಿ ನಕ್ಷೆ ಹೋತು."

"ಸಾಹೇಬ ಏನಂದ?"

"ಏನನ್ನತಾನ? ಯಲ್ಲಾ, ನಡಿ ನಡಿ, ಕೆಲಸ ನೋಡು ಅಂದ."

"ಕಾಗದ?"

"ಹರದೆ."

"ಅಂವ ಹರದನೋ, ನೀವೋ?"

"ನಾನ. ಅವನ ಮುಂದ."

ಸಾಹೇಬರು ತಪ್ಪಾಯಿತೆನ್ನಲಿಲ್ಲ. ನಾನು ದೇವರಲ್ಲಿ ಅದನ್ನು ಬೇಡಿರಲೂ ಇಲ್ಲ. ಇವರ ಕೈ ಸುಳ್ಳು ಬರೆಯಲಿಲ್ಲ. ಕೆಲಸ ಉಳಿಯಿತು, ಮನೆಯೂ ಉಳಿಯಿತು. ಒಂದೇ ದಿನಕ್ಕೆ ಮೂರು ಕೃಪೆ. ಫೋನಿಟ್ಟು, ಇನ್ನು ಇಲ್ಲೇ ಇರುವುದೆಂದು ಎ.ಸಿ. ಜಾಲರಿ ಕಳಚಿ ಬಚ್ಚಲಿಗೆ ಒಯ್ದೆ. ಮರಳು ಗಟ್ಟಿಯಾಗಿ ಕೂತಿತ್ತು, ತಿಕ್ಕಿದೆ.