ರಾಗಿ ಹೊಕ್ಕ ಲೆನ್ಸು

ಫೋನೆಂದರೆ ಗೋಡೆಗೂಡಿನಲ್ಲಿ ಕೂತು ಕಿರುಚುವ ವಸ್ತುವಾಗಿದ್ದ ಕಾಲ. ಫೋಟೋ ಬೇಕೆಂದರೆ ಕ್ಯಾಮೆರಾ ಇದ್ದವರನ್ನು ಕಾಯಬೇಕಿತ್ತು. ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿಯೇ ನೆನೆಯುತ್ತಿರಬಹುದು. ಅಮ್ಮನ ತಮ್ಮ, ನನ್ನ ಮಾವನ ಕ್ಯಾಮೆರಾ ಬೆಳ್ಳಿ ಬಣ್ಣದ್ದು ಅಂತ ನಾನು, ಕಪ್ಪು ಅಂತ ನಮ್ಮಮ್ಮ. ಆದರೆ ಅದರ ಲೆನ್ಸು ಕೆಟ್ಟಿದ್ದು ನಿಜ, ಅವತ್ತು ಇಡೀ ಮನೆಗೆ ತಲೆ ಕೆಟ್ಟಿದ್ದೂ ನಿಜ.

ಬೇಸಿಗೆ ರಜೆಗೆ ಪಾಂಡವಪುರದ ಹತ್ತಿರದ ಅಜ್ಜಿ ಮನೆಗೆ ಹೋಗಿದ್ದೆ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಅಲ್ಲೇ ಇದ್ದಳು. ಹಿಂದಿನ ವರ್ಷ ಅಜ್ಜಿ ಆಸ್ಪತ್ರೆ ಸೇರಿದ್ದಾಗ, ಅವ್ವ ಎದ್ದು ಬಂದರೆ ತಿರುಪತಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದಳು. ಅಜ್ಜಿ ಎದ್ದು ಬಂದಿದ್ದಳು. ಶುಕ್ರವಾರ ಸಂಜೆ ಊರವರೆಲ್ಲ ಸೇರಿ ಗೊತ್ತು ಮಾಡಿದ್ದ ಬಸ್ಸು ಹೊರಡಲಿತ್ತು. ದೊಡ್ಡಮ್ಮನದು ಬಿಚ್ಚಿ ಹರವಿದರೆ ಮಂಡಿ ಮುಟ್ಟುವ ಕೂದಲು. ಯಾವತ್ತೂ ಏನನ್ನೂ ಕೇಳದವಳು ಮಾವನ ಹತ್ತಿರ ಒಂದೇ ಒಂದು ಕೇಳಿದ್ದಳು: "ಕೊಡೋಕೆ ಮುಂಚೆ ಇದ್ರದ್ದೊಂದು ಪಟ ತೆಗ್ದುಬುಡ್ಲಾ."

ಮಂಗಳವಾರ ಮಾವ ಮಕ್ಕಳನ್ನೆಲ್ಲ ನಾಲೆಗೆ ಕರೆದುಕೊಂಡು ಹೋದ. ನಾವು ನೀರಿಗೆ ಧುಮುಕುವುದನ್ನು ಹಿಡಿಯಲು ದಡಕ್ಕೇ ಬಂದು ನಿಂತ. ಯಾರೋ ಧುಮುಕಿದ ರಭಸಕ್ಕೆ ನೀರು ಹಾರಿ ಕ್ಯಾಮೆರಾ ತೊಯ್ದುಹೋಯಿತು. ಮನೆಗೆ ಬಂದು ಗುಂಡಿ ಒತ್ತಿದರೆ ಲೆನ್ಸು ಅರ್ಧ ಹೊರಗೆ ಬಂದು, ಝೂಂ ಅಂತ ಗೊಣಗಿ, ಅಲ್ಲೇ ನಿಂತಿತು. ಒಳಗೂ ಹೋಗದು, ಹೊರಗೂ ಬಾರದು.

"ಅದ್ಯಾಕ್ಲಾ ಅಂಗೆ ಮೂತಿ ಮುಂದೆ ಮಾಡ್ಕಂಡು ನಿಂತದೆ?" ಅಂದಳು ಅಜ್ಜಿ. "ಒಂದು ತೊಟ್ಟು ಕೊಬ್ರಿಯೆಣ್ಣೆ ಬುಡು. ಒಲಿಗೆ ಮಿಷನ್ನಿಗೆ ಬುಡಾಕಿಲ್ವಾ?"

"ಅವ್ವ, ನೀನು ಸುಮ್ಕಿರು."

ಮಾವ ಪಾಂಡವಪುರದ ಸ್ಟುಡಿಯೋಗೆ ಫೋನು ಮಾಡಿದ. ಮದುವೆ ಸೀಜನ್ನು, ಸೋಮವಾರದವರೆಗೆ ಅಂಗಡಿ ಬಾಗಿಲು ತೆಗೆಯಲ್ಲ, ಎರಡು ದಿನ ಅಕ್ಕಿಯೊಳಗೆ ಹೂತಿಡಿ, ತೇವ ಎಳೆಯುತ್ತೆ, ಅಂತ ಹೇಳಿದರಂತೆ. "ಅಕ್ಕಿ ಡಬ್ಬಕ್ಕೆ ಹಾಕ್ರಮ್ಮಿ" ಎಂದು ನನಗೂ ದೊಡ್ಡಮ್ಮನಿಗೂ ಹೇಳಿ ಮಾವ ಗದ್ದೆಗೆ ಹೊರಟುಹೋದ.

ಅಕ್ಕಿ ಡಬ್ಬದ ತಳ ಕಾಣುತ್ತಿತ್ತು. ಅಜ್ಜಿ ಮನೆಯಲ್ಲಿ ಅನ್ನ ಯಾವತ್ತಿದ್ದರೂ ಮುದ್ದೆಯ ಹಿಂದೆ ಬರುವ ನಾಲ್ಕು ತುತ್ತು. ಪಕ್ಕದ ಡ್ರಮ್ಮಿನಲ್ಲಿ ಮಾತ್ರ ಕಂಠಮಟ್ಟ ರಾಗಿ. ಅದೂ ಧಾನ್ಯವೇ, ಅದೂ ತೇವ ಎಳೆಯುತ್ತದೆ ಅಂತ ಯಾರಿಗೆ ತಾನೆ ಅನಿಸುವುದಿಲ್ಲ? ಕ್ಯಾಮೆರಾ ರಾಗಿಯೊಳಗೆ ಹೋಯಿತು, ಆ ಮೂತಿ ಕೆಳಗಾಗಿ.

ಹಾಕಿದ್ದು ಯಾರು? ಮೊಣಕೈವರೆಗೆ ತಣ್ಣಗೆ ಹತ್ತಿದ ರಾಗಿ ನನಗೆ ನೆನಪಿದೆ. ಬಳೆ ಹಿಂದಕ್ಕೆ ಸರಿಸಿಕೊಂಡು ದೊಡ್ಡಮ್ಮನ ಕೈ ರಾಗಿಯೊಳಗೆ ಇಳಿದದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮ ತಲೆಗೆ ನೀರು ಹಾಕಿಕೊಂಡು ಜಗಲಿ ಮೇಲೆ ಬಂದು ಕೂತಳು. ಕೂದಲು ಕಲ್ಲಿನಿಂದ ಕೆಳಗೆ ಜೋತುಬಿದ್ದಿತ್ತು. ಸೀಗೆಕಾಯಿ, ಲೋಬಾನದ ವಾಸನೆ. ಮಾವ ಡ್ರಮ್ಮಿನಿಂದ ಕ್ಯಾಮೆರಾ ತೆಗೆದು ಗುಂಡಿ ಒತ್ತಿದ. ಕರಕರ ಕರಕರ.

"ಇದ್ಯಾವ ಪುಣ್ಯಾತ್ಮ್ರು ರಾಗಿಗೆ ಹಾಕ್ದೋರು? ಅಕ್ಕಿ ಅಂದ್ರೆ ಅಕ್ಕಿ ಕಣ್ರಯ್ಯ! ರಾಗಿಕಾಳು ಸಂದಿಗೆಲ್ಲ ಒಕ್ಕೊಂಡವೆ!"

ನಾನು ಮೆಲ್ಲಗೆ ಕಂಬದ ಹಿಂದೆ ಸರಿದೆ.

"ನಾನೇ ಕಣ್ಲಾ ಹಾಕಿದ್ದು. ಏನೀಗ?" ಅಂದಳು ದೊಡ್ಡಮ್ಮ, ಕೂತಲ್ಲಿಂದಲೇ.

ಆಮೇಲೆ ಶುರುವಾಯಿತು ನೋಡಿ. ಮಾವ ಪಿನ್ನು ತಂದ, ಹಲ್ಲುಜ್ಜುವ ಬ್ರಷ್ಷು ತಂದ, ಊದಿದ, ಅಂಗೈಗೆ ಬಡಿದ, ಬ್ಯಾಟರಿ ಕಿತ್ತು ಮತ್ತೆ ಹಾಕಿದ. ಒಮ್ಮೊಮ್ಮೆ ಒಂದೊಂದು ಕಾಳು ಉದುರುತ್ತಿತ್ತು. ಕೋಳಿಯೊಂದು ಅವನ ಕಾಲ ಹತ್ತಿರವೇ ಕಾದು ನಿಂತು ಹೆಕ್ಕುತ್ತಿತ್ತು. "ಇನ್ನೊಂದಚ್ಚೇರು ಬರ್ಲಿ ತಡಿ, ಸಂಜ್ಗೆ ಮುದ್ದೆಗಾಯ್ತದೆ" ಅಂದಳು ಅಜ್ಜಿ. ಯಾರೂ ನಗಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನಿಂತು, ಬಿಸಿಲಿಗಿಡು, ಬಟ್ಟೆ ಸುತ್ತಿಡು, ಬಿಗಿಯಾಗಿ ತಿರುವು ಎಂದು ಒಂದೊಂದು ಬುದ್ಧಿ ಹೇಳಿದರು. ಅವರಲ್ಲಿ ಒಬ್ಬರಾದರೂ ಕ್ಯಾಮೆರಾ ಮುಟ್ಟಿದ್ದವರಲ್ಲ.

ದೊಡ್ಡಮ್ಮ ಉಪ್ಸಾರು ಮುದ್ದೆಯನ್ನೂ ಜಗಲಿ ಮೇಲೇ ಉಂಡಳು, ಕೂದಲು ಕಟ್ಟದೆ. ಕಟ್ಟಿದರೆ ಸುಕ್ಕಾಗುತ್ತದಂತೆ. ನೆರಳು ಅವಳ ಕಾಲು ದಾಟಿತು, ಮಡಿಲು ದಾಟಿತು. ಊರ ಮುಂದೆ ಬಸ್ಸು ಹಾರನ್ನು ಹೊಡೆಯಿತು. ಅವಳು ಎದ್ದು ಎರಡೇ ಸುತ್ತಿಗೆ ತುರುಬು ಬಿಗಿದಳು.

"ಓಗ್ಲಿ ಬುಡ್ಲಾ" ಅಂದಳು ಮಾವನಿಗೆ. "ದೇವ್ರು ನೋಡ್ತಾನಲ್ಲ, ಸಾಕು."

ಭಾನುವಾರ ಬೆಳಿಗ್ಗೆ ಬೋಳುತಲೆಗೆ ಗಂಧ ಬಳಿದುಕೊಂಡು, ಸೆರಗು ಹೊದ್ದು ಬಂದಳು. ನಾವು ಲಾಡು ತಿನ್ನುತ್ತಿದ್ದಾಗ ಮಾವ ಸುಮ್ಮನೆ ಗುಂಡಿ ಒತ್ತಿದ. ಏನೂ ಆಗೇ ಇಲ್ಲವೆಂಬಂತೆ ಲೆನ್ಸು ಝೂಂ ಎಂದು ಪೂರ್ತಿ ಹೊರಗೆ ಬಂತು. ಅದನ್ನು ನಾಲೆಗೆ ಎಸೆದುಬಿಡಬೇಕು ಅನ್ನಿಸುವಷ್ಟು ಸಿಟ್ಟು ಬಂದಿತ್ತು ನನಗೆ. ಆವತ್ತು ತೆಗೆದ ಪಟ ಇವತ್ತಿಗೂ ಅಜ್ಜಿ ಮನೆ ಗೋಡೆಯಲ್ಲಿದೆ: ಸೆರಗು ಹೊದ್ದ ದೊಡ್ಡಮ್ಮ, ಕೈಯಲ್ಲಿ ಅರ್ಧ ಲಾಡು.

ಕೂದಲು ಮತ್ತೆ ಬೆಳೆಯಿತು, ಆದರೆ ಹೆಗಲು ದಾಟಲಿಲ್ಲ. ಈಗ ಅದೂ ತೆಳುವಾಗಿ ಬೆಳ್ಳಗಾಗಿದೆ. ನನ್ನ ಫೋನಿನಲ್ಲಿ ನಾನುಂಡ ಊಟದ ಪಟಗಳಿವೆ, ಟ್ರಾಫಿಕ್ಕಿನ ಪಟಗಳಿವೆ. ಆ ಕೂದಲಿನದು ಎಲ್ಲೂ ಇಲ್ಲ. ಸೊಂಟದವರೆಗೆ ಇತ್ತಷ್ಟೇ ಅನ್ನುತ್ತಾಳೆ ಅಮ್ಮ. ಮಂಡಿಯವರೆಗೆ ಅನ್ನುತ್ತೇನೆ ನಾನು. ವರ್ಷವರ್ಷ ನನ್ನ ತಲೆಯೊಳಗೇ ಅದು ಬೆಳೆಯುತ್ತಿದೆಯೋ ಏನೋ, ಅಳೆದು ನೋಡಲು ಏನೂ ಉಳಿದಿಲ್ಲ.

ಹೋದ ಸಲ ಊರಿಗೆ ಹೋದಾಗ ದೊಡ್ಡಮ್ಮ ರಾಗಿ ಕೇರುತ್ತಿದ್ದಳು. ಪಕ್ಕದಲ್ಲಿ ಕೂತು ಆವತ್ತಿನ ಕ್ಯಾಮೆರಾ ವಿಷಯ ಕೇಳಿದೆ. ಮೊರ ನಿಲ್ಲಿಸದೆ, "ಆ ಕಲ್ಲು ಎತ್ತಾಕವ್ವ" ಎಂದು ರಾಗಿಯತ್ತ ತೋರಿಸಿದಳು. ಕಲ್ಲು ಎತ್ತಿ ಹಾಕಿ, ಮತ್ತೆ ಕೇಳಿದೆ.

"ದೊಡ್ಡಮ್ಮ, ಆವತ್ತು ಹಾಕಿದ್ದು ನಾನಾ, ನೀನಾ?"