ಹಸುವಿನ ಬಾಯಿಗೆ ಕೈ ಹಾಕಿದವರು

ಪಟ್ಟಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ಸರ್ಕಾರಿ ಉಪಕೇಂದ್ರದ ನರ್ಸಾಗಿ ಮೊದಲು ನಾಗಮಂಗಲದ ಕಡೆ, ಆಮೇಲೆ ಕೆ.ಆರ್. ಪೇಟೆಯ ಕಡೆ ಕೆಲಸ ಮಾಡಿದವಳು ನಾನು. ಯಾವ ಊರಿನಲ್ಲಿ ಯಾರಿಗೆ ಜ್ವರ, ಯಾವ ಬೀದಿಯಲ್ಲಿ ವಾಂತಿಭೇದಿ, ಯಾರನ್ನು ನಾಯಿ ಕಚ್ಚಿತು, ಎಲ್ಲವನ್ನೂ ವಾರವಾರ ಬರೆದು ಮೇಲಕ್ಕೆ ಕಳಿಸಬೇಕು. ಒಂದೇ ಬೀದಿಯಲ್ಲಿ ನಾಲ್ಕು ಜನ ಹಾಸಿಗೆ ಹಿಡಿದರೆ, ಐದನೆಯವರು ಹಿಡಿಯುವ ಮೊದಲೇ ನಮಗೆ ಗೊತ್ತಾಗಬೇಕು. ಹೆಸರು, ವಯಸ್ಸು, ಮನೆ, ಲಕ್ಷಣ, ಒಂದೂ ತಪ್ಪದಂತೆ ಬರೆಯುತ್ತಿದ್ದೆ. ಅಕ್ಷರವೂ ದುಂಡಗೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡದೆ ಮಾವನ ಮನೆಯ ಪುರಾಣ ತೆಗೆದವರ ಮೇಲೆ ಹರಿಹಾಯುತ್ತಿದ್ದೆ.

ನಮ್ಮದು ಶ್ರೀರಂಗಪಟ್ಟಣದಲ್ಲಿ ದೇವಸ್ಥಾನದ ಪೂಜೆ ಮಾಡಿಕೊಂಡು ಬಂದ ಮನೆ. ನಮಗೆ ಹಸು ಎಂದರೆ ಗೃಹಪ್ರವೇಶದ ದಿನ ಬಂದು ಬಾಳೆಹಣ್ಣು ತಿಂದು ಹೋಗುವ ಅತಿಥಿ. ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿದ್ದೆನೇ ಹೊರತು ಅದರ ಬಾಯಿಯನ್ನು ಹತ್ತಿರದಿಂದ ನೋಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ತಪ್ಪೆಲ್ಲ ಇಲ್ಲಿಂದಲೇ ಆದದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಬೂಕನಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ ಸೀಮೆಹಸುವೊಂದು ಮೇವು ಬಿಟ್ಟಿತು. ಬಾಯಲ್ಲಿ ಜೊಲ್ಲು, ನೀರು ನುಂಗಲಾಗದು, ಕೂಗಿದರೆ ಗೊಗ್ಗರು ದನಿ. ಎರಡು ದಿನ ಮನೆಯವರು ತಮಗೆ ತೋಚಿದ್ದನ್ನೆಲ್ಲ ಮಾಡಿ, ಮೂರನೆಯ ದಿನ ಪಶುವೈದ್ಯರನ್ನು ಕರೆಸಿದರು. ಅವರು ದೂರದಿಂದಲೇ ನೋಡಿ ಎಲ್ಲರನ್ನೂ ಹಿಂದಕ್ಕೆ ಸರಿಸಿದರು. ಹುಚ್ಚುನಾಯಿ ಕಚ್ಚಿರಬೇಕು, ಇದು ರೇಬಿಸ್ ಎಂದರು. ಮಾರನೆಯ ದಿನ ಬೆಳಿಗ್ಗೆ ಹಸು ಸತ್ತಿತು.

ಆ ಹಸುವಿನ ಹಾಲು ಅಕ್ಕಪಕ್ಕದ ಮನೆಗಳಿಗೆಲ್ಲ ವರ್ತನೆಗೆ ಹೋಗುತ್ತಿತ್ತು. ಸುದ್ದಿ ಹಬ್ಬಿದ್ದೇ ತಡ, ಅಂಗನವಾಡಿಯ ಮುಂದೆ ಊರಿಗೆ ಊರೇ ಬಂದು ನಿಂತಿತು. ಕಾಯಿಸಿದ ಹಾಲಿನಿಂದ ಈ ರೋಗ ಬರುವುದಿಲ್ಲ ಎಂದು ನಮ್ಮ ಡಾಕ್ಟರು ಗಂಟಲು ಹರಿಯುವಂತೆ ಹೇಳಿದರು. ಕೇಳುವವರು ಯಾರು? ಜನರ ಭಯಕ್ಕೂ ಕಾರಣವಿತ್ತು. ನೀರು ಕಂಡರೆ ಗಂಟಲು ಹಿಡಿದುಕೊಳ್ಳುವ ಈ ರೋಗ ಒಮ್ಮೆ ಕಾಣಿಸಿಕೊಂಡರೆ ಮುಗಿಯಿತು, ಔಷಧಿ ಇಲ್ಲ. ಕಾಣಿಸಿಕೊಳ್ಳುವ ಮೊದಲೇ ಲಸಿಕೆ ಬಿದ್ದರೆ ಜೀವ ಉಳಿಯುತ್ತದೆ. "ಯಾರ್ಯಾರು ಹಾಲು ಕುಡಿದಿದ್ದಾರೆ, ಹಸಿಯೋ ಕಾಯಿಸಿದ್ದೋ, ಒಂದು ಪಟ್ಟಿ ಮಾಡಿ" ಎಂದರು ಡಾಕ್ಟರು. ನನಗೆ ಅಷ್ಟೇ ಬೇಕಾಗಿತ್ತು. ಕುರ್ಚಿ ಹಾಕಿಸಿಕೊಂಡು ಕುಳಿತೆ.

ಕಾಫಿಯಲ್ಲಿ ಕುಡಿದವರು, ಮೊಸರು ತಿಂದವರು, ಮಜ್ಜಿಗೆ ಚೆಲ್ಲಿದ ನೆಲ ಒರೆಸಿದವರು, ಎಲ್ಲರೂ ಬಂದರು. ಒಬ್ಬಾತ, ಆ ಹಾಲಿನ ಟೀ ಕುಡಿದವನ ಬೈಕಿನಲ್ಲಿ ಹಿಂದೆ ಕುಳಿತಿದ್ದೆ, ನನ್ನದೂ ಬರೆದುಕೊಳ್ಳಿ ಎಂದ. ಮೂರು ಹಾಳೆ ತುಂಬಿತು. ಸಾಲಿನ ಕೊನೆಯಲ್ಲಿ ಹಸುವಿನ ಮನೆಯ ಅತ್ತೆ, ಸೊಸೆ ನಿಂತಿದ್ದರು. ಸೊಸೆಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ಹಾಲು ಕುಡಿದಿದ್ದೀಯಾ?" ಎಂದು ಅವಳನ್ನು ಕೇಳಿದೆ.

"ಇಲ್ಲ ಸಿಸ್ಟರ್. ನಂಗೆ ಆಲಿನ್ ವಾಸ್ನೆನೇ ಆಗಕಿಲ್ಲ."

"ಮೊಸರು, ಮಜ್ಜಿಗೆ?"

"ಅದೂ ಇಲ್ಲ."

"ಮತ್ತೆ ಸಾಲಲ್ಲಿ ಏನು ಮಾಡ್ತಿದ್ದೀಯ ತಾಯಿ? ಹೋಗು, ಮನೆ ಕೆಲಸ ನೋಡು."

ಅವಳು ಏನೋ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿದ್ದ ಅತ್ತೆ, "ಯೋಳುದ್ರಲ್ಲ, ನಡಿ, ಇಟ್ಟು ಬೇಯಿಸ್ಬೇಕು" ಎಂದರು. ಅವಳು ಹೊರಟುಹೋದಳು. ನಾನು ಅತ್ತೆಯ ಹೆಸರು ಬರೆದುಕೊಂಡು ಪಟ್ಟಿಯ ಕೆಳಗೆ ಗೆರೆ ಎಳೆದೆ.

ಮಧ್ಯಾಹ್ನ ಪಶುವೈದ್ಯರಿಗೆ ಪಟ್ಟಿ ತೋರಿಸಿದೆ, ಹೊಗಳಲಿ ಎಂದೇ. ಅವರು ಮೂರು ಹಾಳೆಯನ್ನೂ ತಿರುವಿಹಾಕಿ, "ಹಾಲಿನದು ಇರಲಿ ಮೇಡಂ, ಬಾಯಿಗೆ ಕೈ ಹಾಕಿದವರು ಯಾರು?" ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಹಸುವಿನ ಬಾಯಿಗೆ ಯಾರಾದರೂ ಯಾಕೆ ಕೈ ಹಾಕುತ್ತಾರೆ? ಅವರೇ ಬಿಡಿಸಿ ಹೇಳಿದರು. ಹಸು ನುಂಗಲಾಗದೆ ಜೊಲ್ಲು ಸುರಿಸಿದರೆ ರೈತರಿಗೆ ಮೊದಲು ಹೊಳೆಯುವುದು ಹುಚ್ಚಲ್ಲ. ಗಂಟಲಲ್ಲಿ ಕಬ್ಬಿನ ತುಂಡೋ ಮಾವಿನ ವಾಟೆಯೋ ಸಿಕ್ಕಿಕೊಂಡಿದೆ ಎಂದುಕೊಳ್ಳುತ್ತಾರೆ. ಯಾರೋ ಒಬ್ಬರು ಕೈ ಹಾಕಿ ತಡಕಿಯೇ ಇರುತ್ತಾರೆ. ಆಮೇಲೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ದಿರುತ್ತಾರೆ. ರೋಗ ಇರುವುದು ಜೊಲ್ಲಿನಲ್ಲಿ. ಹಲ್ಲು ತರಚಿದ ಕೈಗೆ ಆ ಜೊಲ್ಲು ತಾಗಿದರೆ, ಹುಚ್ಚುನಾಯಿ ಕಚ್ಚಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಬೆಳಗಿನಿಂದ ನೂರೆಂಟು ಕೇಳಿದ್ದೆ, ಇದೊಂದನ್ನು ಕೇಳಿರಲಿಲ್ಲ.

ಹಸುವಿನ ಮನೆಯ ಯಜಮಾನನನ್ನು ಕೇಳಿದರೆ ತಟ್ಟನೆ ಹೇಳಿದ. ಗೋವಿಂದನಹಳ್ಳಿ ಕಡೆಯ ಒಬ್ಬ ವಯಸ್ಸಾದವರನ್ನು ಕರೆಸಿದ್ದರಂತೆ. ಸುತ್ತಮುತ್ತಲ ದನಗಳಿಗೆಲ್ಲ ಗೊಟ್ಟ ಹಾಕುವವರು ಅವರೇ, ಕೈಗುಣ ಒಳ್ಳೆಯದು ಎಂದು ಹೆಸರು. "ಮೊಣಕೈಗಂಟ ಕೈ ಆಕುದ್ರು ಕಣಮ್ಮ. ಏನೂ ಸಿಗ್ಲಿಲ್ಲ. ಅಲ್ಲು ಒಸಿ ತರ್ಚ್ಬುಡ್ತು, ಅಷ್ಟೆಯಾ" ಎಂದ.

ಆ ಹಿರಿಯರು ಊರಲ್ಲಿರಲಿಲ್ಲ. ಪಾಂಡವಪುರದ ಕಡೆ ಮಗಳ ಮನೆಗೆ ಹೋಗಿದ್ದಾರೆ ಎಂಬುದಷ್ಟೇ ಅವರ ನೆರೆಯವರಿಗೆ ಗೊತ್ತು. ಫೋನು ಇಟ್ಟುಕೊಂಡವರಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕುಳಿತಾಗ ನಮ್ಮ ಆಶಾ ಕಾರ್ಯಕರ್ತೆ ದಾರಿ ತೋರಿಸಿದಳು. "ಸಂಜೆ ಆಲು ಆಕೋ ಒತ್ಗೆ ಡೈರಿಗಳ್ಗೆ ಫೋನ್ ಮಾಡ್ಸಿ ಮೇಡಂ. ಮನೆಗೊಬ್ರು ಅಲ್ಲಿ ಇದ್ದೇ ಇರ್ತಾರೆ." ಆ ಹಳ್ಳಿಯ ಡೈರಿಯ ಕಾರ್ಯದರ್ಶಿ ತನಗೆ ಗೊತ್ತಿದ್ದ ಡೈರಿಗೆ ಫೋನು ಮಾಡಿದ, ಅವರು ಇನ್ನೊಂದಕ್ಕೆ ಮಾಡಿದರು. ಕ್ಯಾನುಗಳ ಸದ್ದಿನ ನಡುವೆ ಸುದ್ದಿ ಊರಿಂದೂರಿಗೆ ದಾಟಿತು. ಗಂಟೆಯೊಳಗೆ ಉತ್ತರ ಬಂತು: ತೊಣ್ಣೂರಿನ ಪಕ್ಕದ ಹಳ್ಳಿಯಲ್ಲಿದ್ದಾರೆ, ಮಗಳ ಜೊತೆ ಡೈರಿಯ ಸಾಲಿನಲ್ಲೇ ನಿಂತಿದ್ದಾರೆ. ನಮ್ಮ ಇಲಾಖೆಯ ಯಾವ ವರದಿಯೂ ಅಷ್ಟು ಬೇಗ ಓಡಿದ್ದನ್ನು ನಾನು ಕಂಡಿಲ್ಲ.

ಆಸ್ಪತ್ರೆಯ ಜೀಪಿನಲ್ಲಿ ಹೋದೆ. ಅವರು ಮಗಳ ಮನೆಯ ಜಗುಲಿಯ ಮೇಲೆ ಕುಳಿತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ತರಚಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಇಷ್ಟು ವರ್ಸದಿಂದ ದನಿನ್ ಬಾಯ್ಗೆ ಕೈ ಆಕಿವ್ನಿ, ಈಗೇನಾದದು? ಸೂಜಿ ಆಕುಸ್ಕಂಡ್ರೆ ಇವನ ಕೈ ಕೆಟ್ಟೋಯ್ತು ಅಂತಾರೆ ಜನ. ಆಮೇಕೆ ಯಾರು ಕರ್ದಾರು?"

ವಿವರಿಸಿದೆ, ಬೇಡಿಕೊಂಡೆ, ಕೊನೆಗೆ ಎಂದಿನಂತೆ ರೇಗಿದೆ. "ಸತ್ತ ಮೇಲೆ ಯಾರು ಕರೀತಾರೆ ಯಜಮಾನ್ರೇ?" ಎಂದುಬಿಟ್ಟೆ. ಮಗಳು ಅಳತೊಡಗಿದಳು. ಅವರು ಜಗ್ಗಲಿಲ್ಲ. ಬದಲಿಗೆ ನನ್ನನ್ನೇ ಕೇಳಿದರು.

"ಆ ಮಗೀಗೆ ಆಕುದ್ರಾ?"

"ಯಾವ ಮಗು?"

"ಅದೇ ಕಣವ್ವ, ಆ ಮನೆ ಸೊಸೆ. ನಾಲ್ಗೆ ಈಚೆಗೆಳ್ದು ಇಡ್ಕೊ ಅಂತ ನಾನೇ ಯೋಳಿದ್ದೆ. ಅಸ ಕೊಸರ್ಕಂಡಾಗ ಅವಳ್ ಕೈಗೂ ಅಲ್ಲು ತಗುಲ್ತು."

ಸೆರಗಿನಲ್ಲಿ ಸುತ್ತಿಕೊಂಡಿದ್ದ ಆ ಕೈಗಳು ಕಣ್ಣ ಮುಂದೆ ಬಂದವು. ಹಾಲು ಕುಡಿಯುವುದಿಲ್ಲ ಎಂದು ಅವಳನ್ನು ಸಾಲಿನಿಂದ ಕಳಿಸಿದವಳು ನಾನು. ನಾಚಿಕೆಯಾಯಿತು. "ಇಲ್ಲ ಯಜಮಾನ್ರೇ. ನಾನೇ ಬೇಡ ಅಂತ ಕಳಿಸಿಬಿಟ್ಟೆ" ಎಂದೆ. ನನ್ನ ದನಿಯಲ್ಲಿ ಆಗ ಸಿಟ್ಟು ಉಳಿದಿರಲಿಲ್ಲ.

ಅವರು ಎದ್ದು ಚಪ್ಪಲಿ ಮೆಟ್ಟಿದರು. "ನಡೀರಿ. ನನ್ ಮಾತು ಕೇಳಿ ತಾನೆ ಅದು ಇಡ್ಕಂಡಿದ್ದು. ನಾನ್ ಆಕುಸ್ಕಳ್ದೆ ಅದ್ಕೆ ಆಕುಸ್ಕೊ ಅಂತ ಯಾವ್ ಬಾಯ್ನಲ್ಲಿ ಯೋಳ್ಲಿ?"

ದಾರಿಯಲ್ಲೇ ಹಸುವಿನ ಮನೆಯವರಿಗೆ ಫೋನು ಮಾಡಿದೆ. ನಾವು ತಾಲ್ಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಸೊಸೆಯನ್ನು ಅವಳ ಗಂಡ ಕರೆತಂದಿದ್ದ. ತೋರುಬೆರಳಿನ ಮೇಲೆ ಚಿಕ್ಕ ಗಾಯ, ಆಗಲೇ ಒಣಗುತ್ತಿತ್ತು. ಇಬ್ಬರ ಗಾಯವನ್ನೂ ನಲ್ಲಿಯ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ತೊಳೆದೆ. ತೋಳಿಗೆ ಲಸಿಕೆ, ಅದಲ್ಲದೆ ಗಾಯದ ಸುತ್ತಲೇ ಚುಚ್ಚುವ ಇನ್ನೊಂದು ಮದ್ದು, ಅದರ ನೋವು ಜೀವ ಹಿಂಡುತ್ತದೆ. ಮೊದಲು ಕೈ ಚಾಚಿದವರು ಹಿರಿಯರು. "ಇರುವೆ ಕಡ್ದಂಗೆ ಕಣವ್ವ, ಏನಿಲ್ಲ" ಎಂದು ಅವಳಿಗೆ ಹೇಳಿದರು. ಹಾಗೆ ಹೇಳುವಾಗ ಅವರ ಕಣ್ಣಿಂದಲೇ ನೀರು ಇಳಿಯುತ್ತಿತ್ತು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?" ಎಂದು ಅವಳನ್ನು ಕೇಳಿದೆ.

"ನೀವು ಆಲಿಂದ್ ಕೇಳುದ್ರಿ. ನಾನು ಆಲಿಂದ್ ಯೋಳ್ದೆ" ಎಂದಳು. ದೂರಲಿಲ್ಲ, ಇದ್ದದ್ದನ್ನು ಹೇಳಿದಳು.

ಅಂದಿನಿಂದ ನಾನು ಪ್ರಶ್ನೆ ಕೇಳುವ ಮೊದಲು, ಏನಾಯಿತು ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಮಾವನ ಮನೆಯ ಪುರಾಣ ಬಂದರೆ ಅದನ್ನೂ ಕೇಳುತ್ತೇನೆ. ಎಷ್ಟೋ ಸಲ ಬೇಕಾದ ಸಂಗತಿ ಅಲ್ಲೇ ಸಿಕ್ಕಿದೆ. ಹಿರಿಯರನ್ನು ಜನ ಈಗಲೂ ಕರೆಯುತ್ತಾರೆ. ಜೊಲ್ಲು ಸುರಿಸುವ ದನ ಕಂಡರೆ ಮಾತ್ರ ಅವರು ಯಾರನ್ನೂ ಹತ್ತಿರ ಬಿಡದೆ ಪಶುವೈದ್ಯರಿಗೆ ಹೇಳಿಕಳಿಸುತ್ತಾರೆ.

ಲಸಿಕೆಯ ನಾಲ್ಕು ಸರದಿಯೂ ಮುಗಿದವು. ಇನ್ನು ಭಯವಿಲ್ಲ ಎಂದರು ಡಾಕ್ಟರು. ಅದೇ ಮಾತನ್ನು ನಾನು ಊರಿಗೆಲ್ಲ ಹೇಳಿದೆ, ನನ್ನ ಮನಸ್ಸಿಗೆ ಮಾತ್ರ ಹೇಳಲಾಗಲಿಲ್ಲ. ಈ ರೋಗ ತಿಂಗಳುಗಟ್ಟಲೆ ಒಳಗೇ ಕೂತಿರಬಲ್ಲದು. ಹಾಗಾಗಿ ಆ ಬೀದಿಗೆ ಹೋದಾಗಲೆಲ್ಲ ಅವಳ ಮನೆಯ ಮುಂದೆ ನಿಂತು, ಬಿಸಿಲು ಜಾಸ್ತಿ ಎಂದು ನೀರು ಕೇಳುತ್ತಿದ್ದೆ. ಕುಡಿದು, "ನೀನೂ ಒಂದು ಗುಟುಕು ಕುಡಿ, ನೀರು ಕಮ್ಮಿ ಕುಡಿಯಬಾರದು" ಎನ್ನುತ್ತಿದ್ದೆ. ಚಳಿಗಾಲದಲ್ಲೂ ಹಾಗೇ ಮಾಡಿದೆ.

ಒಂದು ದಿನ ಅವಳು ಚೊಂಬು ಹಿಡಿದು ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು. "ಸಿಸ್ಟರ್, ನೀವು ನೀರು ಕುಡಿಯಾಕೆ ಬತ್ತೀರೋ, ನಾನು ಕುಡಿಯಾದ ನೋಡಾಕೆ ಬತ್ತೀರೋ?"

ಅವಳು ತಲೆ ಹಿಂದಕ್ಕೆ ವಾಲಿಸಿ, ಚೊಂಬನ್ನು ಎತ್ತಿ, ನಡುವೆ ಉಸಿರೂ ತೆಗೆದುಕೊಳ್ಳದೆ ಗಟಗಟನೆ ಅಷ್ಟೂ ನೀರು ಕುಡಿದಳು. ಕೊನೆಗೆ ಚೊಂಬನ್ನು ಬೋರಲು ಹಿಡಿದು ತೋರಿಸಿ, ಗಲ್ಲ ಒರೆಸಿಕೊಂಡು, "ಸಾಕಾ?" ಎಂದಳು.

"ಸಾಕು ಕಣಮ್ಮ" ಎಂದೆ. ಆ ದಿನ ನೀರು ಕುಡಿಯುವುದನ್ನೇ ಮರೆತು ಬಸ್ಸು ಹತ್ತಿದೆ.