ಹೈಮಾದ ಮೂಲಕ ಸಲಾಲಕ್ಕೆ

೧೯೮೪ರ ಏಪ್ರಿಲ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಮಣಿಪಾಲದಿಂದ ಕಾಪುವಿಗೆ ಹೊರಟೆ. ಅದು ಗುರುವಾರವೆಂದು ಗೆಳೆಯ ಲಾರೆನ್ಸ್ ಇಂದಿಗೂ ವಾದಿಸುತ್ತಾರೆ. ಆದರೆ ಕಾಪುವಿನ ಹಸನಬ್ಬ ಜುಮಾ ನಮಾಜು ಮುಗಿಸಿ ಬರುವವರೆಗೆ ಅವರ ಜಗಲಿಯಲ್ಲಿ ಕಾದದ್ದು ನಮ್ಮಿಬ್ಬರಿಗೂ ನೆನಪಿದೆ; ಆದುದರಿಂದ ಶುಕ್ರವಾರವೇ ಸರಿ. ಬಸ್ಸಿನ ದರವನ್ನು ಬರೆಯುವುದಿಲ್ಲ. ಆ ಟಿಕೇಟು ನನ್ನ ಬಳಿ ಉಳಿದಿಲ್ಲ.

ನಾವು ಯೋಚಿಸಿದ್ದ ಒಮಾನ್ ಯಾತ್ರೆ ನಮ್ಮಿಬ್ಬರಿಗೂ ಮೊದಲ ವಿದೇಶ ಪ್ರವಾಸವಾಗಲಿತ್ತು. ಮಸ್ಕತ್ತಿನಲ್ಲಿದ್ದ ಲಾರೆನ್ಸರ ಅಕ್ಕನ ಮಗ ವೀಸಾಕ್ಕೆ ವ್ಯವಸ್ಥೆ ಮಾಡಿದ್ದ, ಕಾರೂ ಅವನದೇ. ಒಮಾನಿನ ದಕ್ಷಿಣದಲ್ಲಿರುವ ಸಲಾಲದ ಗುಡ್ಡಗಳು ಮಳೆಗಾಲದ ಮೂರು ತಿಂಗಳು ಹಸುರಾಗುತ್ತವೆ. ಆಗಸ್ಟ್‌ನಲ್ಲಿ ಅದನ್ನು ನೋಡುವುದು ನಮ್ಮ ಯೋಜನೆ. ಮಸ್ಕತ್ತಿನಿಂದ ಸುಮಾರು ಸಾವಿರ ಕಿಲೋಮೀಟರ್, ಬಹುಪಾಲು ಮರುಭೂಮಿ. ಆ ಕಡೆ ವರ್ಷಗಟ್ಟಲೆ ಲಾರಿ ಓಡಿಸಿ ಊರಿಗೆ ಮರಳಿದ್ದ ಹಸನಬ್ಬರನ್ನು ಕೇಳಿಯೇ ಮಾರ್ಗ ನಿಶ್ಚಯಿಸಬೇಕೆಂದಿದ್ದೆವು.

ಕಾರ್ಕಳದಿಂದ ಬಂದ ಲಾರೆನ್ಸ್ ಉಡುಪಿಯ ಬಸ್ ನಿಲ್ದಾಣದಲ್ಲಿ ಕೂಡಿಕೊಂಡರು. ನನ್ನ ಚೀಲದಲ್ಲಿ ಎರಡು ಭೂಪಟಗಳನ್ನು ಕಂಡು, "ಎರಡು ಎಂತಕ್ಕೆ ಮಾರಾಯ್ರೆ?" ಎಂದರು.

"ಒಂದರಲ್ಲಿ ತಪ್ಪಿದ್ದರೆ?"

"ಎರಡರಲ್ಲೂ ತಪ್ಪಿದ್ದರೆ? ಅದಕ್ಕೇ ಹೇಳುವುದು, ಸಲಾಲಕ್ಕೆ ವಿಮಾನದಲ್ಲಿ ಹೋಗುವ. ಅಲ್ಲಿ ಕಾರು ಹಿಡಿದು ಹಸುರು ಮಾತ್ರ ನೋಡುವ. ಮರಳಿನಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ಕಾಪುವಿನಲ್ಲಿ ಕಡಲು ಅಷ್ಟು ಹತ್ತಿರವಿದ್ದರೂ ಗಾಳಿಯಿರಲಿಲ್ಲ, ವಿಪರೀತ ಸೆಕೆ. ಹಸನಬ್ಬ ಬಂದವರೇ ಊಟ ಮಾಡಿಸಿದರು: ಅಕ್ಕಿರೊಟ್ಟಿ, ಬಂಗುಡೆ ಮೀನಿನ ಸಾರು. ಬಳಿಕ ಭೂಪಟವನ್ನು ಬೆಂಚಿನ ಮೇಲೆ ಹರಡಿದೆ. ಮಸ್ಕತ್ತಿನಿಂದ ಹೊರಟ ಅವರ ಬೆರಳು ನಿಜ್ವಾ ದಾಟಿ, ನಡುದಾರಿಯ ಹೈಮಾದಲ್ಲಿ ನಿಂತಿತು.

"ಮುಂದೆ?" ಎಂದೆ.

"ಮುಂದೆ ನಾನು ಹೋಗ್ಲಿಲ್ಲ ಸರ್."

"ಇಷ್ಟು ವರ್ಷ ಇದ್ದು ಸಲಾಲ ನೋಡ್ಲಿಲ್ವಾ? ನೀವು ಎಂಥ ಡ್ರೈವರ್!" ಎಂದು ಲಾರೆನ್ಸ್ ನಕ್ಕರು.

ಬಾಗಿಲ ಪರದೆಯ ಹಿಂದಿನಿಂದ ಹಸನಬ್ಬರ ಹೆಂಡತಿ ಖತೀಜಮ್ಮನ ಧ್ವನಿ ಬಂತು: "ಯಾಕೆ ಹಾಗೆ ಹೇಳ್ತೀರಿ? ಲತೀಫನನ್ನು ಸಲಾಲದಲ್ಲಿ ಮಣ್ಣು ಮಾಡಿದ್ದು ನೀವೇ ಅಲ್ವಾ?"

ಹಸನಬ್ಬರ ಬೆರಳು ಕದಲಲಿಲ್ಲ. "ಅದೊಂದು ಸಲ. ಅದನ್ನು ನೋಡ್ಲಿಕ್ಕೆ ಹೋದದ್ದು ಅಂತ ಹೇಳುವುದಾ?" ಎಂದರು.

ಲತೀಫ್ ಹಸನಬ್ಬರ ಒಬ್ಬನೇ ಮಗ. ತಂದೆಯಂತೆಯೇ ಲಾರಿ ಚಾಲಕ. ಲಾರಿ ಮಗುಚಿ ತೀರಿಕೊಂಡನೆಂದು ಕೇಳಿದ್ದೆವು. ಎಲ್ಲಿ ಎಂದು ತಿಳಿದಿರಲಿಲ್ಲ. ಗಲ್ಫಿನಲ್ಲಿ ಸತ್ತವರನ್ನು ಅಲ್ಲಿಯೇ ದಫನ ಮಾಡುವುದು ಈ ಕಡೆಯ ಮನೆಗಳಿಗೆ ಹೊಸದಲ್ಲ. ತಾಯಿ ಗೋರಿಯನ್ನು ಕಂಡಿರಲಿಲ್ಲ.

"ಅಲ್ಲಿ ನಮ್ಮ ಹಾಗೆಯೇ ಮಳೆಯಂತೆ, ಹೌದಾ ಸರ್?" ಎಂದು ಆಕೆ ನನ್ನನ್ನು ಕೇಳಿದರು.

"ಸಲಾಲದಲ್ಲಿ ಹೌದಮ್ಮ. ಮೂರು ತಿಂಗಳು."

"ಹಾಗಾದ್ರೆ ಗೋರಿ ಹತ್ತಿರ ಹುಲ್ಲು ಬಂದಿರ್ತದೆ. ಒಂದು ಕಡ್ಡಿ ತಂದುಕೊಡಿ. ಬೇರೆ ಎಂತ ಬೇಡ."

ಹೆದ್ದಾರಿಯವರೆಗೆ ಹಸನಬ್ಬ ನಮ್ಮೊಡನೆ ನಡೆದು ಬಂದರು. ಬಸ್ಸು ಕಾಯುವಾಗ ರಸ್ತೆಯನ್ನೇ ನೋಡುತ್ತ ಹೇಳಿದರು:

"ಅವನು ಇರುವುದು ಹೈಮಾದಲ್ಲಿ. ಬರೀ ಮರಳು. ತಲೆ ಹತ್ತಿರ ಒಂದು ಕಲ್ಲು, ಕಾಲ ಹತ್ತಿರ ಒಂದು. ಹೆಸರಿಲ್ಲ. ನಾನು ಊರಿಗೆ ಬಂದಾಗ ಇವಳು ಕೇಳಿದ್ದು ಒಂದೇ, ಅಲ್ಲಿ ನೆರಳು ಉಂಟಾ ಅಂತ. ನನ್ನ ಬಾಯಿಗೆ ಸಲಾಲ ಬಂತು."



"ಹೈಮಾದಲ್ಲಿ ಇಳಿದು ಅವನಿಗೊಂದು ಸಲಾಂ ಹೇಳಿ," ಎಂದರು ಹಸನಬ್ಬ. "ಹುಲ್ಲು ಸಲಾಲದಿಂದ ತನ್ನಿ."

ಹಳೆಯ ಶಾಸನಗಳಲ್ಲಿ ಬರುವ ಊರುಗಳನ್ನು ಯಾರಾದರೂ ತಪ್ಪಾಗಿ ಗುರುತಿಸಿದ್ದರೆ ತಿದ್ದುವುದೇ ನನ್ನ ಕೆಲಸವಾಗಿತ್ತು. "ಆಗಲಿ" ಎಂದೆ.

ಪಡುಬಿದ್ರಿಯ ಮಾರ್ಗವಾಗಿ ಕಾರ್ಕಳಕ್ಕೆ ಹೋಗುವ ಬಸ್ಸು ಹತ್ತಿದೆವು; ಆ ರಾತ್ರಿ ಲಾರೆನ್ಸರ ಕುಕ್ಕುಂದೂರಿನ ಮನೆಯಲ್ಲಿ ತಂಗುವುದೆಂದಿತ್ತು. ತಿರುಗಿ ನೋಡಿದಾಗ ಹಸನಬ್ಬ ಬಿಸಿಲಿನಲ್ಲೇ ನಿಂತಿದ್ದರು, ಮನೆಯ ಕಡೆ ಹೊರಟಿರಲಿಲ್ಲ.

ಬೆಳ್ಮಣ್ ದಾಟುವಾಗ ಲಾರೆನ್ಸ್ ಭೂಪಟವನ್ನು ಕೇಳಿ ತೆಗೆದುಕೊಂಡರು. "ವಿಮಾನ ಬೇಡ" ಎಂದರು. ಬಸ್ಸಿನ ಕುಲುಕಾಟದಲ್ಲಿ ಅವರ ಪೆನ್ಸಿಲ್ ಗೆರೆ ಅಂಕುಡೊಂಕಾಗಿ ಹೈಮಾದವರೆಗೆ ಬಂದು ನಿಂತಿತು.

"ಇಲ್ಲಿ ಎಷ್ಟು ಹೊತ್ತು ನಿಲ್ಲುವುದು ಅಂತ ಬರೀಲಿ?"

ಬರೆಯಬೇಡಿ ಎಂದೆ.